ರೈತರ ಜೊತೆ ಬೆಳೆದ ವಿಶ್ವವಿದ್ಯಾನಿಲಯ

ಕೊಕ್ಕೋ ಕಾಯಿಗೆ ಇಲಿಯ ಹಲ್ಲು ಬಿದ್ದರೆ ನಾವು ಮಾಡುವುದೇನು? ಪೇಟೆಗೆ ಹೋದಾಗ ಬ್ರೊಮಡಿಯೊಲೋನ್ ಬಿಲ್ಲೆ ತಂದು ಮರದ ಕವಲಿನಲ್ಲಿ ಇಡುತ್ತೇವೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಕಳೆದ ಮೇಲೆ, ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಅದೇ ಮನೆಯಲ್ಲಿ ಹೃದಯದ ಕವಾಟ ಬದಲಾಯಿಸಿಕೊಂಡ ಹಿರಿಯರೊಬ್ಬರಿದ್ದರೆ, ರಕ್ತ ಹೆಪ್ಪುಗಟ್ಟದಿರಲೆಂದು ಅವರು ದಿನವೂ ಒಂದು ಸಣ್ಣ ಗುಳಿಗೆ ನುಂಗುತ್ತಿರುತ್ತಾರೆ. ತೋಟದ ಆ ಬಿಲ್ಲೆ, ಹಿರಿಯರ ಈ ಗುಳಿಗೆ ಎರಡೂ ಒಂದೇ ವಂಶದವು. ಈ ವಂಶದ ಮೂಲ ಇರುವುದು ಅಮೆರಿಕದ ಒಬ್ಬ ಸಾಧಾರಣ ಹೈನುಗಾರನ ಕೊಟ್ಟಿಗೆಯಲ್ಲಿ, ಮತ್ತು ಅವನು ಹೋಗಿ ತಟ್ಟಿದ ಒಂದು ವಿಶ್ವವಿದ್ಯಾನಿಲಯದ ಬಾಗಿಲಿನಲ್ಲಿ.

ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿರುವ ಆ ವಿಶ್ವವಿದ್ಯಾನಿಲಯದ ಪರಿಚಯವನ್ನು ಬೆಳೆಗಾರ ಬಂಧುಗಳಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ. ಸಾರ್ವಜನಿಕರ ಹಣದಿಂದ ನಡೆಯುವ ಒಂದು ದೊಡ್ಡ ಸಂಶೋಧನಾ ಸಂಸ್ಥೆಯಿಂದ ಕೃಷಿಕನಿಗೆ ಏನು ದಕ್ಕಬಹುದು, ಏನು ದಕ್ಕಲಾರದು ಎಂಬ ಪ್ರಶ್ನೆ ಹಳದಿ ಎಲೆ ರೋಗ, ಎಲೆಚುಕ್ಕಿ, ಬಿಳಿ ಕಾಂಡಕೊರಕಗಳ ಜೊತೆ ಹೆಣಗುತ್ತಿರುವ ನಮ್ಮ ಪ್ರಶ್ನೆಯೂ ಹೌದು.

ಹಿಮದ ದಾರಿಯಲ್ಲಿ 300 ಕಿಲೋಮೀಟರು

1933ರ ಫೆಬ್ರವರಿ ತಿಂಗಳ ಒಂದು ಶನಿವಾರ. ಹೊರಗೆ ಹಿಮದ ಬಿರುಗಾಳಿ. ಡೀರ್ ಪಾರ್ಕ್ ಎಂಬ ಹಳ್ಳಿಯ ಎಡ್ ಕಾರ್ಲ್‌ಸನ್ ಎಂಬ ರೈತ ಸುಮಾರು 300 ಕಿಲೋಮೀಟರು ಗಾಡಿ ಓಡಿಸಿಕೊಂಡು ಮ್ಯಾಡಿಸನ್ನಿಗೆ ಬಂದ. ಅವನ ಹಸುಗಳು ಒಂದೊಂದಾಗಿ ಸಾಯುತ್ತಿದ್ದವು. ಚಿಕ್ಕ ಗಾಯವಾದರೂ ರಕ್ತ ನಿಲ್ಲುತ್ತಿರಲಿಲ್ಲ. ರಾಜ್ಯದ ಪಶುವೈದ್ಯ ಕಚೇರಿಗೆ ಅಂದು ರಜೆ. ಅಲ್ಲಿಂದ ತಿರುಗಿ, ಬೆಳಕು ಕಂಡ ಕಟ್ಟಡದ ಒಳಗೆ ನಡೆದ. ಅದು ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗ. ಅಲ್ಲಿ ಸಿಕ್ಕವರು ಪ್ರಾಧ್ಯಾಪಕ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಹಿರಿಯ ಶಿಷ್ಯ ಯೂಗೆನ್ ಶೆಫೆಲ್.

ಕಾರ್ಲ್‌ಸನ್ ಬರಿಗೈಯಲ್ಲಿ ಬಂದಿರಲಿಲ್ಲ. ಸತ್ತ ಒಂದು ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಮತ್ತು ದನಗಳಿಗೆ ಹಾಕುತ್ತಿದ್ದ ಬೂಸು ಹಿಡಿದ ಒಣಮೇವು ಸುಮಾರು 100 ಪೌಂಡು, ಇಷ್ಟನ್ನೂ ತಂದಿದ್ದ. ಆ ಮೇವು ಸಿಹಿ ಕ್ಲೋವರ್ ಎಂಬ ದ್ವಿದಳ ಜಾತಿಯ ಗಿಡ. ಹಾಳಾದ ಈ ಮೇವಿನಿಂದಲೇ ದನಗಳ ರಕ್ತ ಕೆಡುತ್ತದೆ ಎಂಬುದನ್ನು 1920ರ ದಶಕದಲ್ಲೇ ಕೆನಡಾದ ಪಶುವೈದ್ಯ ಫ್ರ್ಯಾಂಕ್ ಸ್ಕೋಫೀಲ್ಡ್ ತೋರಿಸಿದ್ದರು. ಆದರೆ ಮೇವಿನೊಳಗಿನ ಯಾವ ವಸ್ತುವಿನಿಂದ ಹೀಗಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಲಿಂಕ್ ಆ ದಿನ ರೈತನಿಗೆ ಹೇಳಲು ಸಾಧ್ಯವಾದದ್ದು ಇಷ್ಟೇ: ಈ ಮೇವು ನಿಲ್ಲಿಸು, ಸಾಧ್ಯವಾದರೆ ಉಳಿದ ಹಸುಗಳಿಗೆ ಒಳ್ಳೆಯ ರಕ್ತ ಕೊಡಿಸು. ಬಡ ಹೈನುಗಾರನಿಗೆ ಬೇರೆ ಮೇವು ಎಲ್ಲಿಂದ ಬರಬೇಕು? ಅವನು ಹಾಗೆಯೇ ಹಿಮದಲ್ಲಿ ಹಿಂದಿರುಗಿದ. ಆದರೆ ಕ್ಯಾನು, ಮೇವು ಪ್ರಯೋಗಾಲಯದಲ್ಲಿ ಉಳಿದವು. ಮುಂದೆ ಆದದ್ದನ್ನು ಹೇಳುವ ಮೊದಲು, ಶನಿವಾರ ಸಂಜೆ ಒಬ್ಬ ರೈತ ಸತ್ತ ಕಡಸಿನೊಂದಿಗೆ ಒಳಗೆ ಬರಬಹುದಾದಂಥ ವಿಶ್ವವಿದ್ಯಾನಿಲಯ ಹೇಗೆ ಹುಟ್ಟಿತು ಎಂಬುದನ್ನು ನೋಡೋಣ.

ಗೋಧಿ ಸೋತಲ್ಲಿ ಹಾಲು

ವಿಸ್ಕಾನ್ಸಿನ್ ರಾಜ್ಯವಾದದ್ದು 1848ರಲ್ಲಿ. ಅದೇ ವರ್ಷ ವಿಶ್ವವಿದ್ಯಾನಿಲಯವೂ ಸ್ಥಾಪನೆಯಾಯಿತು. 1849ರ ಫೆಬ್ರವರಿಯಲ್ಲಿ ಜಾನ್ ಸ್ಟರ್ಲಿಂಗ್ ಎಂಬ ಒಬ್ಬ ಉಪಾಧ್ಯಾಯರು 17 ವಿದ್ಯಾರ್ಥಿಗಳಿಗೆ ಪಾಠ ಆರಂಭಿಸಿದರು. ಮೆಂಡೋಟಾ ಸರೋವರದ ದಡದ ಆ ನೆಲ ಹೋ-ಚಂಕ್ ಎಂಬ ಮೂಲನಿವಾಸಿಗಳದು. 1832ರ ಒಪ್ಪಂದದ ಮೂಲಕ ಅದನ್ನು ಅವರಿಂದ ಬಿಡಿಸಿಕೊಂಡು ಅವರನ್ನು ಹೊರಗಟ್ಟಲಾಗಿತ್ತು. ಇದನ್ನು ಒಪ್ಪಿಕೊಳ್ಳುವ ಫಲಕವೊಂದನ್ನು ವಿಶ್ವವಿದ್ಯಾನಿಲಯ 2019ರಲ್ಲಿ ಆವರಣದಲ್ಲಿ ನಿಲ್ಲಿಸಿದೆ.

1862ರಲ್ಲಿ ಅಧ್ಯಕ್ಷ ಲಿಂಕನ್ ಮಾರಿಲ್ ಕಾಯಿದೆಗೆ ಸಹಿ ಹಾಕಿದರು. ಕೃಷಿ ಮತ್ತು ಯಂತ್ರವಿದ್ಯೆಗಳನ್ನು ಸಾಮಾನ್ಯರ ಮಕ್ಕಳಿಗೆ ಕಲಿಸುವ ಕಾಲೇಜುಗಳಿಗಾಗಿ ಪ್ರತಿ ರಾಜ್ಯಕ್ಕೂ, ಅದರ ಒಬ್ಬೊಬ್ಬ ಸಂಸತ್ ಸದಸ್ಯನಿಗೆ 30,000 ಎಕರೆಯ ಲೆಕ್ಕದಲ್ಲಿ, ಸರ್ಕಾರಿ ಜಮೀನು ಕೊಡುವ ಕಾಯಿದೆ ಅದು. 1866ರಲ್ಲಿ ವಿಸ್ಕಾನ್ಸಿನ್ ತನ್ನ ಪಾಲನ್ನು ಮ್ಯಾಡಿಸನ್ನಿನ ವಿಶ್ವವಿದ್ಯಾನಿಲಯಕ್ಕೆ ಸೇರಿಸಿತು.

ಆದರೆ ಜಮೀನು ಬಂದ ಮಾತ್ರಕ್ಕೆ ರೈತರು ಬರಲಿಲ್ಲ. ಮೊದಲ ಹತ್ತು ಹದಿನೈದು ವರ್ಷಗಳಲ್ಲಿ ಕೃಷಿ ಪದವಿ ಪಡೆದವರು ಬೆರಳೆಣಿಕೆಗೂ ಕಡಿಮೆ. ಪುಸ್ತಕ ಓದಿ ಉಳುಮೆ ಕಲಿಯುವುದೇ ಎಂದು ಹಳ್ಳಿಗಳಲ್ಲಿ ನಗುತ್ತಿದ್ದರು. ಕೃಷಿ ಕಾಲೇಜನ್ನು ವಿಶ್ವವಿದ್ಯಾನಿಲಯದಿಂದ ಬೇರ್ಪಡಿಸಬೇಕೆಂಬ ಒತ್ತಾಯವೂ ಇತ್ತು. ಅದೇ ಕಾಲಕ್ಕೆ ವಿಸ್ಕಾನ್ಸಿನ್ನಿನ ಗೋಧಿ ಬೇಸಾಯ ಕುಸಿಯುತ್ತಿತ್ತು. ಒಂದೇ ಬೆಳೆಯನ್ನು ವರ್ಷದ ಮೇಲೆ ವರ್ಷ ಬೆಳೆದು ಮಣ್ಣು ಸೋತಿತ್ತು, ಕೀಟ ಮುತ್ತಿತ್ತು, ಪಶ್ಚಿಮದ ಹೊಸ ನೆಲದ ಗೋಧಿ ಬೆಲೆ ಇಳಿಸಿತ್ತು. ಒಂದೇ ಬೆಳೆಯನ್ನು ನಂಬಿದವರ ಪಾಡು ನಮಗೆ ವಿವರಿಸಿ ಹೇಳಬೇಕಾಗಿಲ್ಲ.

1880ರಲ್ಲಿ ಕೃಷಿ ಪ್ರಾಧ್ಯಾಪಕರಾಗಿ ಬಂದ ವಿಲಿಯಂ ಹೆನ್ರಿ ಈ ಬಿಕ್ಕಟ್ಟನ್ನು ಅರಿತವರು. ರೈತರು ಪದವಿಗೆ ಬರುವುದಿಲ್ಲವಾದರೆ ಅವರಿಗೆ ಬೇಕಾದುದನ್ನು ಕೊಡೋಣ ಎಂದು 1885ರಲ್ಲಿ ಅಲ್ಪಾವಧಿ ಕೃಷಿ ಶಿಕ್ಷಣ ಆರಂಭವಾಯಿತು. ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದಲ್ಲಿ ರೈತರ ಮಕ್ಕಳು ಕೆಲವು ವಾರ ಬಂದು ಕಲಿತು ಹೋಗುವುದು. ಅದೇ ವರ್ಷ ಊರೂರಿಗೆ ಹೋಗಿ ನಡೆಸುವ ರೈತ ಶಿಬಿರಗಳೂ ಶುರುವಾದವು. 1890ರಲ್ಲಿ ಹೈನುಗಾರಿಕೆಯ ಶಾಲೆ ತೆರೆಯಿತು. ಗೋಧಿಯ ರಾಜ್ಯ ಹಾಲು, ಬೆಣ್ಣೆ, ಚೀಸಿನ ರಾಜ್ಯವಾಗಿ ತಿರುಗಿದ್ದರಲ್ಲಿ ಈ ಶಾಲೆಯದು ದೊಡ್ಡ ಪಾಲು.

ಹಾಲಿಗೊಂದು ಅಳತೆಗೋಲು

ಹೊಸ ಹೈನುಗಾರಿಕೆಗೆ ಒಂದು ಹಳೆಯ ತೊಂದರೆಯಿತ್ತು. ಹಾಲಿಗೆ ಬೆಲೆ ತೂಕದ ಮೇಲೆ. ನೀರು ಬೆರೆಸಿದವನಿಗೂ ಕೆನೆ ತೆಗೆದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ. ನೆರೆಹೊರೆಯವರಲ್ಲಿ ಸಂಶಯ, ಕೊಳ್ಳುವವರ ಮೇಲೂ ಸಂಶಯ. ಒಳ್ಳೆಯ ಹಸು ಸಾಕಿದವನೇ ದಂಡ ತೆರುವ ಪರಿಸ್ಥಿತಿ.

1888ರಲ್ಲಿ ಬಂದ ರಸಾಯನ ವಿಜ್ಞಾನಿ ಸ್ಟೀಫನ್ ಬ್ಯಾಬ್‌ಕಾಕ್ ಅವರಿಗೆ ಹೆನ್ರಿ ಈ ಕೆಲಸ ಒಪ್ಪಿಸಿದರು. ಮೊದಲು ಕಂಡುಹಿಡಿದ ವಿಧಾನ ಕಾಲೇಜಿನ ದನಗಳ ಪೈಕಿ ಒಂದೇ ಒಂದು ಹಸುವಿನ ಹಾಲಿಗೆ ಸರಿ ಬರಲಿಲ್ಲ. ಒಂದು ಹಸುವಿನಲ್ಲಿ ತಪ್ಪಿದ್ದು ಒಬ್ಬ ರೈತನಿಗೆ ಮೋಸವಾಗಬಹುದು ಎಂದು ಬ್ಯಾಬ್‌ಕಾಕ್ ಅದನ್ನು ಬಿಟ್ಟುಕೊಟ್ಟು ಪುನಃ ಮೊದಲಿನಿಂದ ಆರಂಭಿಸಿದರು. 1890ರಲ್ಲಿ ಸಿದ್ಧವಾದ ವಿಧಾನ ಬಹಳ ಸರಳ. ಕತ್ತಿನಲ್ಲಿ ಗೆರೆ ಕೊರೆದ ಗಾಜಿನ ಸೀಸೆಗೆ ಹಾಲು ಹಾಕಿ, ಗಂಧಕಾಮ್ಲ ಸೇರಿಸಿ ತಿರುಗಿಸಿದರೆ ಬೆಣ್ಣೆಯಂಶವೊಂದು ಬಿಟ್ಟು ಉಳಿದೆಲ್ಲ ಕರಗಿ, ಕೊಬ್ಬು ಮೇಲೆ ಬಂದು ನಿಲ್ಲುತ್ತದೆ. ಗೆರೆ ನೋಡಿ ಓದಿದರಾಯಿತು. ನಮ್ಮ ಹಾಲಿನ ಸೊಸೈಟಿಗಳಲ್ಲಿ ದಶಕಗಳ ಕಾಲ ಬಳಸಿದ ಗರ್ಬರ್ ವಿಧಾನದ ತತ್ತ್ವವೂ ಇದೇ.

ಬ್ಯಾಬ್‌ಕಾಕ್ ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಸಾರ್ವಜನಿಕರ ಹಣದಿಂದ ಆದ ಕೆಲಸ ಸಾರ್ವಜನಿಕರದೇ ಎಂಬುದು ಅವರ ನಿಲುವು. ಫಲಿತಾಂಶವನ್ನು ಪ್ರಯೋಗ ಕೇಂದ್ರದ ಪ್ರಕಟಣೆಯಲ್ಲಿ ಅಚ್ಚು ಹಾಕಿ ಎಲ್ಲರಿಗೂ ಬಿಟ್ಟುಕೊಟ್ಟರು. ಸ್ವಲ್ಪ ಕಾಲದಲ್ಲೇ ಅದು ದೇಶದೇಶಗಳಿಗೆ ಹರಡಿತು. ಯಾವ ಹಸು ಲಾಭದ್ದು, ಯಾವುದು ಬರಿ ಮೇವು ತಿನ್ನುವುದು ಎಂಬುದೂ ರೈತನಿಗೆ ಮೊದಲ ಸಲ ಲೆಕ್ಕದಲ್ಲಿ ತಿಳಿಯಿತು.

ಇಲಿ ಸಾಕಿದ ಪ್ರಯೋಗಾಲಯ

ಮೇವಿನ ಗುಣವನ್ನು ರಾಸಾಯನಿಕ ಲೆಕ್ಕದಿಂದ ಮಾತ್ರ ಹೇಳಬಹುದೆಂಬ ನಂಬಿಕೆಯ ಮೇಲೂ ಬ್ಯಾಬ್‌ಕಾಕರಿಗೆ ಸಂಶಯ. 1907ರಲ್ಲಿ ಅವರ ಸಹೋದ್ಯೋಗಿಗಳು 16 ಕಡಸುಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಜೋಳದ ಗಿಡ, ಅಂದರೆ ಮೆಕ್ಕೆಜೋಳದ್ದೇ ಮೇವು, ಒಂದಕ್ಕೆ ಗೋಧಿಯದು, ಒಂದಕ್ಕೆ ಓಟ್ಸ್ ಧಾನ್ಯದ್ದು, ಇನ್ನೊಂದಕ್ಕೆ ಮೂರರ ಮಿಶ್ರಣ. ಲೆಕ್ಕದ ಪ್ರಕಾರ ನಾಲ್ಕೂ ಸಮ. ಆದರೆ ಮೆಕ್ಕೆಜೋಳ ತಿಂದವು ಮಿರಮಿರ ಮಿಂಚಿ ಗಟ್ಟಿಮುಟ್ಟಾದ ಕರು ಹಾಕಿದವು, ಗೋಧಿ ತಿಂದವು ಸೊರಗಿ, ಅವುಗಳ ಕರುಗಳು ಸತ್ತೋ ಕುರುಡಾಗಿಯೋ ಹುಟ್ಟಿದವು. ಲೆಕ್ಕಕ್ಕೆ ಸಿಗದ ಯಾವುದೋ ಒಂದು ಅಂಶ ಆಹಾರದಲ್ಲಿದೆ ಎಂಬುದು ಖಚಿತವಾಯಿತು.

ಹಸುವಿನ ಮೇಲೆ ಪ್ರಯೋಗಕ್ಕೆ ವರ್ಷಗಳೇ ಬೇಕು. ಎಲ್ಮರ್ ಮೆಕಾಲಮ್ ಎಂಬ ಯುವ ವಿಜ್ಞಾನಿ ಇಲಿಗಳನ್ನು ಸಾಕಿ ಪ್ರಯೋಗ ಮಾಡತೊಡಗಿದರು. ರೈತರ ತೆರಿಗೆಯಿಂದ ಇಲಿಗೆ ಊಟ ಹಾಕುವುದೇ ಎಂಬ ಆಕ್ಷೇಪ ಬಂದಾಗ ಬೆನ್ನಿಗೆ ನಿಂತವರು ಮುದುಕ ಬ್ಯಾಬ್‌ಕಾಕ್. ಆ ಇಲಿಗಳನ್ನು ಹಲವು ವರ್ಷ ಸಂಬಳವಿಲ್ಲದೆ ನೋಡಿಕೊಂಡವರು ಮಾರ್ಗರೈಟ್ ಡೇವಿಸ್ ಎಂಬ ಮಹಿಳೆ. ಬೆಣ್ಣೆ ಮತ್ತು ಮೊಟ್ಟೆಯ ಹಳದಿಯಲ್ಲಿರುವ, ಹಂದಿಯ ಕೊಬ್ಬಿನಲ್ಲಿ ಇಲ್ಲದ ಒಂದು ಜೀವಪೋಷಕ ಅಂಶವನ್ನು ಇವರಿಬ್ಬರೂ 1913ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂದೆ ವಿಟಮಿನ್ ಎ ಎಂದು ಹೆಸರಾಯಿತು.

ಪೇಟೆಂಟಿನ ಪ್ರಶ್ನೆ

ಇದೇ ವಿಭಾಗದ ಹ್ಯಾರಿ ಸ್ಟೀನ್‌ಬಾಕ್ 1920ರ ದಶಕದಲ್ಲಿ, ಆಹಾರಕ್ಕೆ ನೇರಳಾತೀತ ಬೆಳಕು ಹಾಯಿಸಿದರೆ ಅದರಲ್ಲಿ ವಿಟಮಿನ್ ಡಿ ಉಂಟಾಗುತ್ತದೆಂದು ತೋರಿಸಿದರು. ಮಕ್ಕಳ ಮೂಳೆ ಬಾಗಿಸುವ ರಿಕೆಟ್ಸ್ ರೋಗಕ್ಕೆ ಅಗ್ಗದ ಪರಿಹಾರ ಸಿಕ್ಕಿತು. ಸ್ಟೀನ್‌ಬಾಕ್ ದಾರಿ ಬ್ಯಾಬ್‌ಕಾಕರದ್ದಲ್ಲ. ಅವರು ಪೇಟೆಂಟ್‌ಗೆ ಅರ್ಜಿ ಹಾಕಿದರು. ಆದರೆ ದೊಡ್ಡ ಕಂಪನಿಯ ಭಾರಿ ಮೊತ್ತಕ್ಕೆ ಅದನ್ನು ಮಾರಲಿಲ್ಲ. 1925ರಲ್ಲಿ ಹಳೆಯ ವಿದ್ಯಾರ್ಥಿಗಳ ನೆರವಿನಿಂದ ಒಂದು ಪ್ರತಿಷ್ಠಾನ ಕಟ್ಟಿ ಅದರ ಹೆಸರಿಗೆ ಒಪ್ಪಿಸಿದರು. ಲಾಭವೆಲ್ಲ ವಿಶ್ವವಿದ್ಯಾನಿಲಯದ ಮುಂದಿನ ಸಂಶೋಧನೆಗೆ. ಇಂಗ್ಲಿಷಿನ ಮೊದಲಕ್ಷರಗಳಿಂದ ಈ ಪ್ರತಿಷ್ಠಾನವನ್ನು ‘ವಾರ್ಫ್’ ಎನ್ನುತ್ತಾರೆ.

ಇದರಲ್ಲಿ ಒಂದು ಕಹಿಯೂ ಇದೆ. ಬೆಣ್ಣೆಗೆ ಪೈಪೋಟಿಯಾದ ಮಾರ್ಗರೀನ್ ತಯಾರಕರಿಗೆ ವಾರ್ಫ್ ಈ ವಿಧಾನದ ಪರವಾನಗಿ ಕೊಡಲಿಲ್ಲ. ಹೈನುಗಾರರ ಹಿತ ಕಾಯುವುದು ಉದ್ದೇಶ. ಆದರೆ ಬೆಣ್ಣೆ ಕೊಳ್ಳಲಾರದ ಬಡವರು ತಿನ್ನುತ್ತಿದ್ದುದು ಮಾರ್ಗರೀನನ್ನೇ. 1940ರ ದಶಕದಲ್ಲಿ ನ್ಯಾಯಾಲಯ ಇದನ್ನು ಆಕ್ಷೇಪಿಸಿ ಪೇಟೆಂಟನ್ನೇ ಅಸಿಂಧುಗೊಳಿಸಿತು. ಬೆಳೆಗಾರನ ಹಿತವೂ ಬಡ ಗ್ರಾಹಕನ ಹಿತವೂ ಎದುರುಬದುರಾದಾಗ ಸಾರ್ವಜನಿಕ ಸಂಸ್ಥೆ ಯಾರ ಕಡೆಗೆ ನಿಲ್ಲಬೇಕು? ಸುಲಭದ ಉತ್ತರವಿಲ್ಲ.

ಕ್ಯಾನಿನ ರಕ್ತದಿಂದ ಬಂದದ್ದು

ಈಗ ಕಾರ್ಲ್‌ಸನ್ನನ ಕ್ಯಾನಿಗೆ ಹಿಂದಿರುಗೋಣ. ಲಿಂಕ್ ಅವರ ತಂಡ ಆ ಮೇವನ್ನು ಜಾಲಾಡಲು ಆರು ವರ್ಷ ಹಿಡಿಯಿತು. 1939ರ ಜೂನ್‌ನಲ್ಲಿ ಹೆರಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಹಾಯಕರು ರಾತ್ರಿಯಿಡೀ ಕೆಲಸ ಮಾಡಿ ಬೆಳಗಿನ ಜಾವ ಆ ವಸ್ತುವಿನ ಹರಳುಗಳನ್ನು ಕಂಡರು. ಸಿಹಿ ಕ್ಲೋವರಿನಲ್ಲಿ ಸಹಜವಾಗಿರುವ ಸುವಾಸನೆಯ ಕೌಮರಿನ್, ಬೂಸು ಬಂದಾಗ ಡೈಕೌಮರಾಲ್ ಎಂಬ ವಸ್ತುವಾಗಿ ಮಾರ್ಪಡುತ್ತದೆ. ಅದು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸವನ್ನು ತಡೆಯುತ್ತದೆ.

ಕೊಲ್ಲುವ ವಸ್ತುವೇ ಮದ್ದೂ ಆಯಿತು. ಅದೇ ಜಾತಿಯ ಇನ್ನಷ್ಟು ವಸ್ತುಗಳನ್ನು ತಯಾರಿಸಿ ನೋಡಿದಾಗ ಒಂದು ಇಲಿಗಳಿಗೆ ಹೇಳಿಸಿದ್ದಾಗಿತ್ತು. ನಿಧಾನವಾಗಿ ಕೊಲ್ಲುವುದರಿಂದ ಇಲಿಗೆ ತಿಂಡಿಯ ಮೇಲೆ ಅನುಮಾನ ಹುಟ್ಟುವುದಿಲ್ಲ. ವಾರ್ಫ್ ಹೆಸರು ಸೇರಿಸಿ ಅದನ್ನು ವಾರ್ಫರಿನ್ ಎಂದು ಕರೆದು 1948ರಲ್ಲಿ ಮಾರುಕಟ್ಟೆಗೆ ಬಿಟ್ಟರು. 1954ರಲ್ಲಿ ಮನುಷ್ಯರ ಔಷಧವಾಗಿ ಅನುಮತಿ ಸಿಕ್ಕಿತು. 1955ರಲ್ಲಿ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಟ್ಟರು. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ವಾರ್ಫರಿನ್‌ಗೆ ಜಗ್ಗದ ಇಲಿಗಳು ಕಂಡುಬಂದ ಮೇಲೆ ಇನ್ನೂ ಪ್ರಬಲವಾದ ಎರಡನೆಯ ಪೀಳಿಗೆಯ ಪಾಷಾಣಗಳು ಬಂದವು. ನಮ್ಮ ತೋಟದ ಬ್ರೊಮಡಿಯೊಲೋನ್ ಅವುಗಳಲ್ಲೊಂದು. ನಮ್ಮ ದೇಶದಲ್ಲಿ ಹೃದ್ರೋಗಿಗಳಿಗೆ ಬಹಳವಾಗಿ ಕೊಡುವ ಅಸಿನೊಕೌಮರಾಲ್ ಗುಳಿಗೆಯೂ ಇದೇ ಕುಲದ್ದು.

ಇಲ್ಲೊಂದು ಎಚ್ಚರಿಕೆಯ ಮಾತು. ಈ ಬಿಲ್ಲೆ ನಾಯಿ, ಬೆಕ್ಕು, ಗೂಬೆ, ಮಕ್ಕಳು ಯಾರಿಗೂ ಅಪಾಯವೇ. ಅಕಸ್ಮಾತ್ ಯಾರಾದರೂ ತಿಂದರೆ ಬಿಲ್ಲೆಯ ಹೊದಿಕೆ ಸಹಿತ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎರಡು ದಿನ ಏನೂ ಆಗಿಲ್ಲವೆಂದು ಸುಮ್ಮನಿರಬಾರದು. ವಿಟಮಿನ್ ಕೆ ಇದಕ್ಕೆ ಪ್ರತಿಮದ್ದು.

ಜರಡಿ ಮತ್ತು ಮೊರ

ವಿಶ್ವವಿದ್ಯಾನಿಲಯದ ಮುಖ್ಯ ಕಟ್ಟಡವಾದ ಬ್ಯಾಸ್ಕಮ್ ಹಾಲಿನ ಬಾಗಿಲ ಬಳಿ ಒಂದು ಕಂಚಿನ ಫಲಕವಿದೆ. 1894ರಲ್ಲಿ ರಿಚರ್ಡ್ ಈಲಿ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಕಾರ್ಮಿಕರ ಮುಷ್ಕರವನ್ನು ಬೆಂಬಲಿಸುತ್ತಾರೆಂದು ದೂರು ಬಂದು ವಿಚಾರಣೆ ನಡೆಯಿತು. ಆಡಳಿತ ಮಂಡಳಿ ಅವರನ್ನು ದೋಷಮುಕ್ತರೆಂದು ಸಾರಿದ್ದಲ್ಲದೆ, ಸತ್ಯ ಸಿಗುವುದು ಅಂಜದೆ ಸದಾ ಜರಡಿ ಹಿಡಿದು ತೂರುವುದರಿಂದ ಮಾತ್ರ ಎಂಬ ಅರ್ಥದ ಘೋಷಣೆ ಹೊರಡಿಸಿತು. ಜೊಳ್ಳು ತೂರಿ ಕಾಳು ಉಳಿಸಿಕೊಳ್ಳುವ ಕಣದ ಮಾತು ಒಂದು ವಿಶ್ವವಿದ್ಯಾನಿಲಯದ ಧ್ಯೇಯವಾದದ್ದು ಹೀಗೆ.

1903ರಿಂದ 1918ರವರೆಗೆ ಅಧ್ಯಕ್ಷರಾಗಿದ್ದ ಚಾರ್ಲ್ಸ್ ವ್ಯಾನ್ ಹೈಸ್ ಇನ್ನೊಂದು ಮಾತು ಸೇರಿಸಿದರು. ವಿಶ್ವವಿದ್ಯಾನಿಲಯದ ಪ್ರಯೋಜನ ರಾಜ್ಯದ ಪ್ರತಿಯೊಂದು ಮನೆಗೂ ಮುಟ್ಟುವವರೆಗೆ ತೃಪ್ತಿಯಿಲ್ಲ ಎಂಬುದು ಅವರ ನಿಲುವು. ಇದನ್ನು ‘ವಿಸ್ಕಾನ್ಸಿನ್ ವಿಚಾರ’ ಎಂದೇ ಕರೆಯುತ್ತಾರೆ. ಅದು ಮಾತಿನಲ್ಲೇ ಉಳಿಯಲಿಲ್ಲ. 1912ರಲ್ಲಿ ಇ. ಎಲ್. ಲೂಥರ್ ಎಂಬವರು ರಾಜ್ಯದ ಮೊದಲ ಜಿಲ್ಲಾ ಕೃಷಿ ಸಲಹೆಗಾರರಾಗಿ ಮೋಟಾರು ಸೈಕಲ್ ಏರಿ ಹಳ್ಳಿ ಸುತ್ತಿದರು. 1914ರ ಸ್ಮಿತ್-ಲೀವರ್ ಕಾಯಿದೆಯಿಂದ ಇಂಥ ವಿಸ್ತರಣಾ ಸೇವೆ ದೇಶಕ್ಕೆಲ್ಲ ಬಂತು. 1920ರ ದಶಕದ ಆರಂಭದಲ್ಲೇ ವಿಶ್ವವಿದ್ಯಾನಿಲಯದ ರೇಡಿಯೋ ಕೇಂದ್ರ ರೈತರಿಗೆ ಹವಾಮಾನ, ಮಾರುಕಟ್ಟೆ ಧಾರಣೆ ಬಿತ್ತರಿಸುತ್ತಿತ್ತು. ನಮ್ಮ ಆಕಾಶವಾಣಿಯ ಕೃಷಿರಂಗಕ್ಕೆ ಇದು ದೂರದ ಹಿರಿಯಣ್ಣ ಎನ್ನಬಹುದು.

ಇಂದಿನ ರೂಪ

ಇಂದು ಅಲ್ಲಿ ಸುಮಾರು 50,000 ವಿದ್ಯಾರ್ಥಿಗಳಿದ್ದಾರೆ. ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ಭಾಷೆ, ಸಂಗೀತ ಎಲ್ಲವೂ ಒಂದೇ ಆವರಣದಲ್ಲಿ. ಸಂಶೋಧನೆಗೆ ವರ್ಷಕ್ಕೆ 150 ಕೋಟಿ ಡಾಲರಿಗೂ ಹೆಚ್ಚು ವೆಚ್ಚವಾಗುತ್ತದೆ. ಇದರಲ್ಲಿ ದೊಡ್ಡ ಪಾಲು ಕೇಂದ್ರ ಸರ್ಕಾರದ್ದು. ಅವಿಭಜಿತ ಭಾರತದಲ್ಲಿ ಹುಟ್ಟಿ ಬೆಳೆದ ಹರಗೋಬಿಂದ ಖುರಾನಾ 1960ರಿಂದ 1970ರವರೆಗೆ ಇಲ್ಲಿದ್ದರು. 1968ರ ನೊಬೆಲ್ ಪ್ರಶಸ್ತಿ ಬಂದದ್ದು ಇಲ್ಲಿದ್ದಾಗಲೇ. ಮಾನವ ಭ್ರೂಣದ ಆಕರ ಕೋಶಗಳನ್ನು 1998ರಲ್ಲಿ ಮೊದಲು ಬೇರ್ಪಡಿಸಿ ಬೆಳೆಸಿದ ಜೇಮ್ಸ್ ಥಾಮ್ಸನ್ ಇಲ್ಲಿಯವರು. ಕರಾಳ ದಿನಗಳೂ ಇವೆ. ವಿಯೆಟ್ನಾಂ ಯುದ್ಧದ ವಿರುದ್ಧದ ಕೋಪದಲ್ಲಿ 1970ರ ಆಗಸ್ಟ್‌ನಲ್ಲಿ ಒಂದು ಕಟ್ಟಡಕ್ಕೆ ಬಾಂಬಿಟ್ಟಾಗ, ಯುದ್ಧಕ್ಕೆ ಸಂಬಂಧವೇ ಇಲ್ಲದ ಒಬ್ಬ ಸಂಶೋಧಕರು ಪ್ರಾಣ ಕಳೆದುಕೊಂಡರು.

ಆದರೆ ಬೆಳೆಗಾರರಾದ ನಾವು ಕೇಳಲೇಬೇಕಾದ ಪ್ರಶ್ನೆ ಬೇರೆ. ಇಷ್ಟೆಲ್ಲ ಆಗಿ ಸಣ್ಣ ರೈತ ಉಳಿದನೇ? 1950ರ ಸುಮಾರಿಗೆ ವಿಸ್ಕಾನ್ಸಿನ್ನಿನಲ್ಲಿ ಲಕ್ಷಕ್ಕೂ ಹೆಚ್ಚು ಹೈನು ಕುಟುಂಬಗಳಿದ್ದವು. ಈಗ 6,000ಕ್ಕಿಂತ ಕಡಿಮೆ. ಹಾಲು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಕೊಟ್ಟಿಗೆಗಳು ದೊಡ್ಡದಾಗಿ, ಚಿಕ್ಕವು ಮುಚ್ಚಿವೆ. 1885ರಲ್ಲಿ ಆರಂಭವಾದ ಆ ಅಲ್ಪಾವಧಿ ಶಿಕ್ಷಣವೂ ಕೆಲವು ವರ್ಷಗಳ ಹಿಂದೆ ಮ್ಯಾಡಿಸನ್ನಿನಲ್ಲಿ ನಿಂತು, ರಿವರ್ ಫಾಲ್ಸ್ ಊರಿನ ಸೋದರ ಸಂಸ್ಥೆಗೆ ಹೋಗಿದೆ. ವಿಜ್ಞಾನ ಹಸುವಿನ ಹಾಲು ಹೆಚ್ಚಿಸಬಲ್ಲದು, ರೋಗದ ಮೂಲ ಹುಡುಕಬಲ್ಲದು. ಆದರೆ ಬೆಲೆ ಕುಸಿದಾಗ ಸಣ್ಣವನನ್ನು ಹಿಡಿದು ನಿಲ್ಲಿಸುವ ಕೆಲಸ ಅದರಿಂದ ಮಾತ್ರ ಆಗದು. ಅದಕ್ಕೆ ಬೆಳೆಗಾರರ ಒಗ್ಗಟ್ಟೇ ಬೇಕು, ಸಹಕಾರ ಸಂಘವೇ ಬೇಕು.

ನಮಗೇನು ಪಾಠ?

ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ ಆರಂಭವಾದದ್ದು ಇದೇ ಮಾದರಿಯಲ್ಲಿ, ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾನಿಲಯದ ನೆರವಿನಿಂದ. ಶಿಕ್ಷಣ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು ಅದರ ತತ್ತ್ವ. ಈಗ ಶಿವಮೊಗ್ಗ, ಬಾಗಲಕೋಟೆಗಳಲ್ಲೂ ಇಂಥ ವಿಶ್ವವಿದ್ಯಾನಿಲಯಗಳಿವೆ. ಕಾಫಿಗೆ ಬಾಳೆಹೊನ್ನೂರು, ಅಡಿಕೆಗೆ ವಿಟ್ಲ ಮತ್ತು ಕಾಸರಗೋಡಿನ ಕೇಂದ್ರಗಳಿವೆ. ಇವೆಲ್ಲ ನಮ್ಮ ತೆರಿಗೆಯಿಂದ ನಡೆಯುವವು. ಅಲ್ಲಿಗೆ ಹೋದರೆ ಏನೂ ಸಿಗುವುದಿಲ್ಲ ಎಂದು ಗೊಣಗುವವರು ನಮ್ಮಲ್ಲಿ ಬಹಳ. ಹಳದಿ ಎಲೆ ರೋಗಕ್ಕೆ ತೋಟವನ್ನೇ ಕಳೆದುಕೊಂಡವರ ಗೊಣಗಾಟ ಸುಳ್ಳೆಂದು ಹೇಳುವಂತಿಲ್ಲ. ಕಾರ್ಲ್‌ಸನ್ನನೂ ಅಂದು ಪರಿಹಾರವಿಲ್ಲದೆ ಮನೆಗೆ ಹೋದ. ಉತ್ತರಕ್ಕೆ ಆರು ವರ್ಷ ಬೇಕಾಯಿತು. ಆದರೆ ಅವನು ಮನೆಯಲ್ಲೇ ಕುಳಿತಿದ್ದರೆ?

ಅವನು ತಂದ ವಸ್ತುಗಳನ್ನು ಗಮನಿಸಿ. ಸತ್ತ ಪ್ರಾಣಿ, ಕೆಟ್ಟ ರಕ್ತ, ಅನುಮಾನವಿದ್ದ ಮೇವು. ಪರಿಣಾಮ, ಲಕ್ಷಣ, ಕಾರಣ ಮೂರನ್ನೂ ಒಟ್ಟಿಗೆ ತಂದ. ನಾವು ಹೋಗುವಾಗಲೂ ಹೀಗೆಯೇ ಹೋಗಬೇಕು:

ಪೂರ್ತಿ ಸತ್ತ ಗಿಡಕ್ಕಿಂತ, ರೋಗ ಈಗಷ್ಟೇ ತಗುಲಿದ ಗಿಡದ ಎಲೆ, ಬೇರು, ಕಾಂಡದ ತುಂಡು ಒಯ್ಯಿರಿ. ಹೋಲಿಸಲು ಆರೋಗ್ಯವಂತ ಗಿಡದ್ದೂ ಇರಲಿ.

ಎಲೆಗಳನ್ನು ಕಾಗದದಲ್ಲಿ ಸುತ್ತಿ. ಬಿಗಿದ ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕೊಳೆತು ಮೂಲ ರೋಗವೇ ಮರೆಯಾಗುತ್ತದೆ.

ಬುಡದ ಮಣ್ಣನ್ನು ಪ್ರತ್ಯೇಕ ಕಟ್ಟಿ. ಗೊಬ್ಬರ, ಸುಣ್ಣ ಹಾಕುವ ಮೊದಲಿನ ಮಣ್ಣಾದರೆ ಉತ್ತಮ.

ಎಂದಿನಿಂದ ಕಂಡಿತು, ಎಷ್ಟು ಗಿಡಕ್ಕೆ ಹಬ್ಬಿತು, ಯಾವ ದಿನ ಯಾವ ಔಷಧ ಎಷ್ಟು ಹೊಡೆದಿರಿ, ಬಸಿಗಾಲುವೆ ಹೇಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನೆನಪಿನ ಮೇಲೆ ಹೇಳುವ ತಾರೀಕು ಹೆಚ್ಚಾಗಿ ತಪ್ಪಿರುತ್ತದೆ.

ಒಬ್ಬೊಬ್ಬರೇ ಹೋಗುವ ಬದಲು ಊರಿನ ನಾಲ್ಕು ತೋಟಗಳ ಮಾದರಿಯನ್ನು ಸಂಘದ ಮೂಲಕ ಒಟ್ಟಿಗೆ ಕಳಿಸಿ. ನಾಲ್ಕು ತೋಟದ ರೋಗವನ್ನು ಒಂದು ತೋಟದ ರೋಗದಂತೆ ಬದಿಗಿಡುವುದು ಕಷ್ಟ.

ಉತ್ತರ ಬರುವವರೆಗೆ ಬಿಡಬೇಡಿ. ಪತ್ರ ಬರೆಯಿರಿ, ಮತ್ತೊಮ್ಮೆ ಹೋಗಿ, ಕ್ಷೇತ್ರೋತ್ಸವದಲ್ಲಿ ಎದ್ದು ನಿಂತು ಕೇಳಿ. ಸಾರ್ವಜನಿಕ ಸಂಸ್ಥೆಯ ಬಾಗಿಲು ತಾನಾಗಿ ತೆರೆದುಕೊಳ್ಳುವುದಕ್ಕಿಂತ ತಟ್ಟುವವರಿಂದ ತೆರೆಯುವುದೇ ಹೆಚ್ಚು. ವಿಸ್ಕಾನ್ಸಿನ್ನಿನಲ್ಲಿಯೂ ಅದನ್ನು ಮೊದಲು ತಟ್ಟಿದವರು ರೈತರೇ.